ಹಳೇ ಹೈವೇಯ ಪೀಪಾಯಿ ಹೋಟೆಲು

ಮಾಟುಂಗಾದ ಹೋಟೆಲೊಂದರ ಗಲ್ಲೆಯಲ್ಲಿ 31 ವರ್ಷ ಕೂತವನು ನಾನು. ಬೇರೆಯವರ ಹೋಟೆಲಿಗೆ ಹೋದರೆ ಕಣ್ಣು ಮೊದಲು ಮೋರಿ ಕಡೆಗೆ, ಆಮೇಲೆ ಮೆನು ಕಡೆಗೆ. ಅದಕ್ಕೇ ಇಲ್ಲಿ ಕೊಂಕು ಸ್ವಲ್ಪ ಜಾಸ್ತಿ ಇರಬಹುದು. ಹೋಟೆಲಿನ ಹೆಸರು ಹಾಕುವುದಿಲ್ಲ. ಹೊಸಬರು, ಇನ್ನೂ ಕಲಿಯುತ್ತಿದ್ದಾರೆ.

ಲೋನಾವಳ ದಾಟಿ ಹಳೇ ಮುಂಬಯಿ-ಪುಣೆ ಹೈವೇಯಲ್ಲಿ ಪುಣೆ ಕಡೆಗೆ ಹೋದರೆ ಎಡಕ್ಕೆ ದೊಡ್ಡದೊಂದು ಪೀಪಾಯಿ ಕಾಣುತ್ತದೆ ಅಂತ ತಂಗಿಯ ಮಗ ಹೇಳಿದ್ದ. ನಮಗೆ ಕಾಣಲಿಲ್ಲ. ಅದರ ಮುಂದೆಯೇ ಫ್ಲಾಟ್ ಮಾರಾಟದ ಹೋರ್ಡಿಂಗ್ ಇತ್ತು. ಮುಂದೆ ಹೋಗಿ ಯೂ ಟರ್ನ್ ಹೊಡೆದು ಬಂದೆವು. ಹೋಟೆಲು ಅಮೆರಿಕದ ಹಳೇ ರೂಟ್ ಬಿಯರ್ ಡ್ರೈವ್-ಇನ್ ಮಾದರಿಯಂತೆ, ಅಂದರೆ ಕಾರಿನಲ್ಲೇ ಕೂತು ತಿನ್ನುವಂಥದ್ದು. "ಬಿಯರ್ ಹೋಟೆಲಿಗೆ ನಾನು ಇಳಿಯುವುದಿಲ್ಲ" ಅಂದಳು ಹೆಂಡತಿ. "ಇಳಿಯೋದೇ ಬೇಡ ಅತ್ತೆ, ಕಾರಿಗೇ ತಂದು ಕೊಡ್ತಾರೆ" ಅಂದ ಅವನು.

ರೂಟ್ ಬಿಯರಿನಲ್ಲಿ ಬಿಯರ್ ಇಲ್ಲ. ಬೇರು, ತೊಗಟೆ ಕುದಿಸಿ ಮಾಡುತ್ತಿದ್ದ ಪಾನಕ ಅದು. 1876ರಲ್ಲಿ ಫಿಲಡೆಲ್ಫಿಯಾದ ದೊಡ್ಡ ಪ್ರದರ್ಶನದಲ್ಲಿ ಚಾರ್ಲ್ಸ್ ಹೈರ್ಸ್ ಎಂಬ ಔಷಧಿ ಅಂಗಡಿಯವನು ಅದನ್ನು ಜನರಿಗೆ ಕುಡಿಸಿ ಹೆಸರು ಮಾಡಿದ. 1919ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಲೋಡಿ ಎಂಬ ಊರಲ್ಲಿ, ಯುದ್ಧದಿಂದ ಮರಳಿದ ಸೈನಿಕರ ಮೆರವಣಿಗೆಯ ದಿನ, ರಾಯ್ ಅಲೆನ್ ಎಂಬವನು ಅದನ್ನು ಮಗ್ಗಿಗೆ ಐದು ಸೆಂಟ್‌ನಂತೆ ಮಾರಿದ. ಮರುವರ್ಷ ಆ ದೇಶದಲ್ಲಿ ಮದ್ಯವೇ ಬಂದ್ ಆಯಿತು. ಇನ್ನು ಕೇಳಬೇಕಾ? 1922ರಲ್ಲಿ ಫ್ರಾಂಕ್ ರೈಟ್ ಪಾಲುದಾರನಾದ. ಇಬ್ಬರ ಹೆಸರಿನ ಮೊದಲ ಅಕ್ಷರ ಸೇರಿ ಎ ಅಂಡ್ ಡಬ್ಲ್ಯೂ ಕಂಪನಿ. ಮಗಳು ಸ್ಯಾಕ್ರಮೆಂಟೊದಲ್ಲಿ ಇದ್ದಾಗ ನಾನು ಲೋಡಿಗೂ ಹೋಗಿ ಬಂದಿದ್ದೇನೆ. ನಮ್ಮ ಕಸುಬಿನವರು ತಿಳಿದಿರಬೇಕಾದ್ದು ಇನ್ನೊಂದಿದೆ. ಇವತ್ತು ಜುಹೂ ಸಮುದ್ರದ ಎದುರು ಜೆ.ಡಬ್ಲ್ಯೂ. ಮ್ಯಾರಿಯಟ್ ನಿಂತಿದೆಯಲ್ಲ, ಆ ಮ್ಯಾರಿಯಟ್ 1927ರಲ್ಲಿ ವಾಷಿಂಗ್ಟನ್‌ನಲ್ಲಿ ಶುರು ಮಾಡಿದ್ದು ಇದೇ ಕಂಪನಿಯ ಒಂದು ಪುಟ್ಟ ರೂಟ್ ಬಿಯರ್ ಅಂಗಡಿಯಿಂದ. ಚಳಿಗಾಲದಲ್ಲಿ ತಣ್ಣಗಿನದು ಯಾರು ಕುಡಿಯುತ್ತಾರೆ? ಬಿಸಿ ತಿಂಡಿ ಸೇರಿಸಿದ. ಅಲ್ಲಿಂದ ಹೋಟೆಲು ಬೆಳೆಯಿತು.

ಈಗ ಪೀಪಾಯಿಯ ವಿಷಯ. ಅಮೆರಿಕದಲ್ಲಿ ಅಂಗಡಿಯ ಮೇಲೆ ದೊಡ್ಡ ಪೀಪಾಯಿ ಕೂರಿಸಿದ್ದು ಬರೀ ಶೋಕಿಗಲ್ಲ. ಟ್ರಿಪಲ್ ಎಕ್ಸ್ ಅಂತ ಇನ್ನೊಂದು ರೂಟ್ ಬಿಯರ್ ಕಂಪನಿ ಇತ್ತು, ಅವರ ಅಂಗಡಿಗಳ ಗುರುತೇ ಅದು. ಕಾರು ಓಡಿಸುವವನಿಗೆ ಬೋರ್ಡ್ ಓದಲು ಪುರುಸೊತ್ತಿಲ್ಲ. ದೂರದಿಂದ ಪೀಪಾಯಿ ಕಂಡರೆ ಸಾಕು, ಬ್ರೇಕ್ ಮೇಲೆ ಕಾಲು ಹೋಗಬೇಕು. ಕಟ್ಟಡವೇ ಬೋರ್ಡು. ಇಲ್ಲಿ ಪೀಪಾಯಿ ಚೆನ್ನಾಗಿದೆ, ತಗಡಿಗೆ ಮರದ ಬಣ್ಣ ಹೊಡೆದ ಪೇಂಟರ್ ಕೈ ಒಳ್ಳೆಯದು. ಆದರೆ ಹತ್ತಿರ ಬಂದು ನಿಂತ ಮೇಲೆ ಕಾಣುವ ಪೀಪಾಯಿ ಯಾರಿಗೆ ಬೇಕು?

ಮಾಡಿನ ಕತೆ ಇನ್ನೂ ಚಂದ. ಕಾರು ನಿಲ್ಲಿಸುವ ಜಾಗದ ಮೇಲೆ ಹಕ್ಕಿ ರೆಕ್ಕೆ ಎತ್ತಿದ ಹಾಗೆ ಎರಡೂ ಕಡೆ ಮೇಲೆದ್ದು ನಡುವೆ ತಗ್ಗಾದ ಮಾಡು. ಫೋಟೋಕ್ಕೆ ಬಹಳ ಲಾಯಕ್ಕು. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಗೆ ಹನಿ ಮಳೆ ಇಲ್ಲ, ಅಲ್ಲಿ ಮಾಡು ಬಿಸಿಲಿಗೆ. ಲೋನಾವಳದಲ್ಲಿ ಆಗಸ್ಟ್ ತಿಂಗಳು ಅಂದರೆ ಏನು ಅಂತ ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ನೀರೆಲ್ಲ ನಡುವೆ ಸೇರಿ, ತುದಿಯ ಮಳೆನೀರಿನ ದೋಣಿಯಿಂದ ಸೀದಾ ನಮ್ಮ ಬಾನೆಟ್ ಮೇಲೆ ಸುರಿಯಿತು. ಕುಂದಾಪುರದ ಕಡೆ ಹೀಗೊಂದು ಮಾಡು ಕಟ್ಟು ಅಂದರೆ ಮೇಸ್ತ್ರಿ ಎದ್ದು ಹೋಗುತ್ತಾನೆ.

ಗೋಡೆಯ ಮೇಲೆ ಬರೆದಿದ್ದಾರೆ: ಸರ್ವಿಸ್ ಬೇಕಾದರೆ ಹೆಡ್‌ಲೈಟ್ ಹಾಕಿ. ಇದೂ ಅಮೆರಿಕದ ಹಳೇ ಪದ್ಧತಿಯೇ. ಲೈಟ್ ಹಾಕಿದೆವು. ಐದು ನಿಮಿಷ ಯಾರೂ ಇಲ್ಲ. ತಂಗಿಯ ಮಗ ಸುಮ್ನೆ ಒಂದು ಹಾರ್ನ್ ಹೊಡೆದ. ಮಾಣಿ ಓಡಿಬಂದ.

ಬಂದವನ ಕೈಯಲ್ಲಿ ಸಾದಾ ಟ್ರೇ. ಅದನ್ನು ಇಡುವುದೆಲ್ಲಿ? ಡ್ರೈವ್-ಇನ್ ಅಂದರೆ ಕಿಟಕಿಗೆ ಸಿಕ್ಕಿಸುವ ಟ್ರೇ ಮಾರಾಯ್ರೆ. ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ 1978ರಲ್ಲಿ ಮಾವನ ಅಂಬಾಸಡರ್‌ನಲ್ಲಿ ಕೂತು ದೋಸೆ ತಿಂದದ್ದು ನನಗೆ ಇನ್ನೂ ನೆನಪಿದೆ. ಟ್ರೇ ಕಿಟಕಿಗೆ, ಸಾಂಬಾರ್ ಅಲುಗದ ಹಾಗೆ. 1962ರಲ್ಲಿ ಅದನ್ನು ಶುರು ಮಾಡಿದವರು ನಮ್ಮ ಉಡುಪಿ ಕಡೆಯವರೇ. 2008ರಲ್ಲಿ ಮುಚ್ಚಿತು, ಈಗ ಅಲ್ಲಿ ಪಾರ್ಕ್ ಇದೆ. ಇವರು ನಿಯಾನ್ ದೀಪಕ್ಕೆ ಅಷ್ಟು ದುಡ್ಡು ಸುರಿದು, ಎರಡು ಕೊಕ್ಕೆಗೆ ಜುಗ್ಗತನ ಮಾಡಿದ್ದಾರೆ. ನಾಲ್ಕು ಮಗ್ಗು ನಮ್ಮ ತೊಡೆಯ ಮೇಲೆ.

ಇಷ್ಟೆಲ್ಲ ಹೇಳಿದರೂ ಮಗ್ಗಿಗೆ ನಾನು ಪೂರ್ತಿ ಮಾರ್ಕು ಕೊಡುತ್ತೇನೆ. ದಪ್ಪ ಗಾಜು, ಭಾರದ ಹಿಡಿ, ಫ್ರೀಜರ್‌ನಿಂದ ಈಗಷ್ಟೇ ತೆಗೆದದ್ದು. ಹೊರಗೆಲ್ಲ ಬಿಳಿ ಮಂಜು ಕಟ್ಟಿತ್ತು. ಐಸ್ ಹಾಕಿ ನೀರು ಮಾಡಿಲ್ಲ. ನೊರೆ ಸಣ್ಣದು, ಬೇಗ ಒಡೆಯುವುದಿಲ್ಲ. ಸಾದಾ 180 ರೂಪಾಯಿ, ಐಸ್‌ಕ್ರೀಮ್ ತೇಲಿಸಿದ್ದು 240. ಐಸ್‌ಕ್ರೀಮಿನದೇ ತಗೊಳ್ಳಿ. ವೆನಿಲಾ ಕರಗಿ ಸೇರಿದ ಮೇಲೆ ಖಾರ ಇಳಿಯುತ್ತದೆ.

ಹೆಂಡತಿ ಒಂದು ಗುಟುಕು ಕುಡಿದು, "ಇದೆಂತದ್ದು ಮಾರಾಯ್ರೆ, ಅಯೋಡೆಕ್ಸ್ ಕುಡಿದ ಹಾಗೆ ಆಯ್ತಲ್ಲ!" ಅಂದಳು. ತಪ್ಪಲ್ಲ. ನೋವಿನ ಮುಲಾಮಿಗೆ ಹಾಕುವ ವಿಂಟರ್‌ಗ್ರೀನ್ ಎಣ್ಣೆಯ ವಾಸನೆಯೇ ಇದರಲ್ಲೂ. ಮೊದಲು ಮುಖ್ಯ ರುಚಿ ಸ್ಯಾಸಫ್ರಾಸ್ ಎಂಬ ಮರದ ಬೇರಿನದು. ಅದರ ಎಣ್ಣೆಯಲ್ಲಿರುವ ಸ್ಯಾಫ್ರೋಲ್ ಇಲಿಗಳಿಗೆ ಕ್ಯಾನ್ಸರ್ ತರುತ್ತದೆ ಅಂತ ತಿಳಿದು 1960ರಲ್ಲಿ ಅಲ್ಲಿನ ಸರ್ಕಾರ ನಿಷೇಧಿಸಿತು. ನನಗಂತೂ ಎರಡನೇ ಗುಟುಕಿಗೆ ಅಜ್ಜಿ ಮಾಡುತ್ತಿದ್ದ ಸೊಗದೆ ಬೇರಿನ ಶರಬತ್ತು ನೆನಪಾಯಿತು. ಅದರಲ್ಲಿ ಗ್ಯಾಸ್ ಇರಲಿಲ್ಲ, ಅಷ್ಟೇ. ತಿಂಡಿ ಬಗ್ಗೆ ಹೇಳುವಂಥದ್ದು ಏನಿಲ್ಲ, ಫ್ರೆಂಚ್ ಫ್ರೈಸ್ ಬಿಸಿ ಇತ್ತು, ಬರ್ಗರ್ ಎಲ್ಲ ಕಡೆ ಇರುವಂಥದ್ದೇ.

ಜಾಗದ ಆಯ್ಕೆ ಮಾತ್ರ ಸರಿ. 2002ರಲ್ಲಿ ಎಕ್ಸ್‌ಪ್ರೆಸ್‌ವೇ ಪೂರ್ತಿ ಆದ ಮೇಲೆ ಅವಸರದವರೆಲ್ಲ ಆ ಕಡೆ ಹೋದರು. ಅಮೆರಿಕದಲ್ಲೂ ಇಂಟರ್‌ಸ್ಟೇಟ್ ಎಂಬ ದೊಡ್ಡ ಹೆದ್ದಾರಿಗಳು ಬಂದು ಹಳೇ ದಾರಿಯ ಎಷ್ಟೋ ಡ್ರೈವ್-ಇನ್‌ಗಳು ಗಿರಾಕಿ ಇಲ್ಲದೆ ಮುಚ್ಚಿದವು. ಆದರೆ ಇವತ್ತು ಬೇಕಂತಲೇ ಹಳೇ ಹೈವೇ ಹಿಡಿಯುವವನಿಗೆ ಒಂದು ಗಂಟೆ ಕಾರಿನಲ್ಲಿ ಕೂರುವ ತಾಳ್ಮೆ ಇರುತ್ತದೆ.

ಹೋಗುವುದಾದರೆ ದೀಪಾವಳಿ ಕಳೆದ ಮೇಲೆ ಹೋಗಿ. ಮಳೆಯಲ್ಲೇ ಹೋಗುವುದಾದರೆ ಅಡುಗೆಮನೆ ಪಕ್ಕದ ಸಾಲಿನಲ್ಲಿ ನಿಲ್ಲಿಸಿ, ದೋಣಿಯ ನೀರು ಅಲ್ಲಿಗೆ ಬರುವುದಿಲ್ಲ. ಲೈಟ್ ಹಾಕಿ ಬ್ಯಾಟರಿ ಇಳಿಸಬೇಡಿ, ಹಾರ್ನ್ ಹೊಡೆಯಿರಿ.