ಯುಡಿಐಡಿ ಕಾರ್ಡ್ ಸೇವೆ: ಅರ್ಜಿ ಸಲೀಸು, ಎಡವಟ್ಟಾಗುವುದು ಪರೀಕ್ಷೆಯಲ್ಲಿ

ದಾವಣಗೆರೆ ಜಿಲ್ಲೆಯಲ್ಲಿ ಬುದ್ಧಿಮಾಂದ್ಯ ಮಗುವಿರುವ ಮನೆಯವರು ಮೊದಲು ಮಾಡಿಸಬೇಕಾದದ್ದು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ‘ಮಗುವಿಗೆ ಹಣೆಪಟ್ಟಿ ಯಾಕೆ, ನಾಳೆ ಅದರ ತಂಗಿಯ ಮದುವೆಗೆ ತೊಡಕಾದರೆ?’ ಎಂದು ಮುಂದೂಡುವವರು ಬಹಳ. ಆ ಆತಂಕ ಸುಳ್ಳಲ್ಲ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 6ರಿಂದ 18 ವರ್ಷದವರೆಗೆ ಕೊಟ್ಟಿರುವ ಉಚಿತ ಶಿಕ್ಷಣದ ಹಕ್ಕಿಗೆ ಕನಿಷ್ಠ ಶೇ. 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ತಡ ಮಾಡಿದಷ್ಟೂ ನಷ್ಟ ಮಗುವಿಗೇ.

ಈ ಕಾರ್ಡಿಗೆಂದೇ ಇರುವ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿಗೆ ಶುಲ್ಕವಿಲ್ಲ. ಆಧಾರ್, ಫೋಟೊ, ಸಹಿ ಇಲ್ಲವೇ ಹೆಬ್ಬೆಟ್ಟು ಸಾಕು. ಈ ಭಾಗಕ್ಕೆ ಒಳ್ಳೆಯ ಅಂಕ ಕೊಡಬಹುದು. ಎರಡು ಕಡೆ ಮಾತ್ರ ಎಚ್ಚರ ಬೇಕು. ಅರ್ಜಿ ತುಂಬಿಕೊಡುವವರು ತಮ್ಮದೇ ಮೊಬೈಲ್ ನಂಬರ್ ಹಾಕಿಬಿಟ್ಟರೆ ಮುಂದಿನ ಒಟಿಪಿಯೆಲ್ಲ ಅವರಿಗೇ ಹೋಗುತ್ತದೆ. ತಾಯಿಯ ಅಥವಾ ತಂದೆಯ ನಂಬರ್ ಹಾಕಿಸಿ. ಇನ್ನೊಂದು ಇದಕ್ಕಿಂತ ದೊಡ್ಡ ತಪ್ಪು: ವೈಕಲ್ಯದ ಪಟ್ಟಿಯಲ್ಲಿ ‘ಬೌದ್ಧಿಕ ವೈಕಲ್ಯ’ದ ಬದಲು ‘ಮಾನಸಿಕ ಅಸ್ವಸ್ಥತೆ’ ಆರಿಸುವುದು. ಮೊದಲನೆಯದು ಬುದ್ಧಿಮಾಂದ್ಯತೆ, ಎರಡನೆಯದು ಮನೋರೋಗ; ಎರಡೂ ಬೇರೆ ಬೇರೆ. 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ ಇರುವುದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯಕ್ಕೆ ಮಾತ್ರ.

ಇನ್ನು ವೈಕಲ್ಯ ಎಷ್ಟೆಂದು ಅಳೆಯುವ ಪರೀಕ್ಷೆ. ಬುದ್ಧಿಮಟ್ಟದ ಐಕ್ಯೂ ಜೊತೆಗೆ, ಮಗು ದಿನನಿತ್ಯದ ಕೆಲಸ ಎಷ್ಟು ತಾನೇ ಮಾಡುತ್ತದೆ ಎಂದು ನೋಡುವ ವಿಎಸ್‌ಎಂಎಸ್ ಎಂಬ ಅಳತೆ ಇದೆ, 89 ಅಂಶಗಳದ್ದು: ಊಟ, ಬಟ್ಟೆ, ಓಡಾಟ, ಮಾತು, ಜನರೊಡನೆ ಬೆರೆಯುವುದು. ಬಹುಪಾಲು ಉತ್ತರ ಬರುವುದು ಹೆತ್ತವರ ಬಾಯಿಂದ. ತಪ್ಪಾಗುವುದೂ ಅಲ್ಲೇ. ‘ತಾನೇ ಊಟ ಮಾಡ್ತಾನಾ?’ ಎಂದರೆ ತಾಯಿ ಅಭಿಮಾನದಿಂದ ‘ಹೂಂ ಸರ್, ಮಾಡ್ತಾನೆ’ ಅನ್ನುತ್ತಾಳೆ. ಅನ್ನ ಕಲಸಿ, ತುತ್ತು ಮಾಡಿ, ಪಕ್ಕದಲ್ಲಿ ಕೂತಿರುವವಳು ತಾನೇ ಎಂಬುದು ಅವಳ ಲೆಕ್ಕಕ್ಕೇ ಬರುವುದಿಲ್ಲ. ಈ ಉತ್ತರಗಳಿಂದ ಸಿಗುವ ‘ಸಾಮಾಜಿಕ ವಯಸ್ಸ’ನ್ನು, ಅಂದರೆ ಮಗು ಎಷ್ಟು ವರ್ಷದವರಂತೆ ನಡೆದುಕೊಳ್ಳುತ್ತದೆ ಎಂಬುದನ್ನು, ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. 10 ವರ್ಷದ ಮಗುವಿಗೆ ಸಾಮಾಜಿಕ ವಯಸ್ಸು 5 ಬಂದರೆ ಅಂಕ 50, ಐದೂವರೆ ಬಂದರೆ 55. 2018ರ ಮಾರ್ಗಸೂಚಿಯ ಲೆಕ್ಕದಲ್ಲಿ (2024ರಲ್ಲಿ ಹೊಸದು ಬಂದಿದೆ, ಈಗಿನದನ್ನು ವಿಚಾರಿಸಿಕೊಳ್ಳಿ) 36ರಿಂದ 54 ಅಂಕಕ್ಕೆ ವೈಕಲ್ಯ ಶೇ. 75, 55ರಿಂದ 69ಕ್ಕೆ ಶೇ. 50. ನಾಲ್ಕೈದು ‘ಹೂಂ’ಗಳಲ್ಲಿ ಶೇ. 25 ಕೈಬಿಟ್ಟುಹೋಗುತ್ತದೆ. 70 ಮುಟ್ಟಿತೋ, ಸಿಗುವುದು ಶೇ. 25 ಮಾತ್ರ, ಬಿಳಿ ಕಾರ್ಡ್. (ಶೇ. 40ರಿಂದ 79ಕ್ಕೆ ಹಳದಿ, ಶೇ. 80ರಿಂದ ಮೇಲೆ ನೀಲಿ.)

ಹಾಗೆಂದು ಮಗುವಿಗೆ ಬರುವುದನ್ನು ಬರುವುದಿಲ್ಲ ಎನ್ನಬೇಡಿ. ಮುಂದೆ ಕಲಿಸುವ ಪಾಠ ಇದೇ ಅಳತೆಯ ಮೇಲೆ ನಿಲ್ಲುತ್ತದೆ. ಒಂದು ವಾರ ಮೊದಲೇ ಬರೆದಿಡಿ: ಯಾರೂ ಹೇಳದೆ, ಯಾರೂ ಕೈ ಹಚ್ಚದೆ ದಿನವೂ ಮಾಡುವುದು ಯಾವುದು, ಹೇಳಿದರೆ ಮಾಡುವುದು ಯಾವುದು, ಹಬ್ಬಕ್ಕೊಮ್ಮೆ ಮಾಡಿದ್ದು ಯಾವುದು. ಆ ಹಾಳೆಯನ್ನೇ ತೋರಿಸಿ. ಆಧಾರ್‌ನಲ್ಲಿ ಜನ್ಮದಿನಾಂಕ ತಪ್ಪಿದ್ದರೆ ಮೊದಲು ತಿದ್ದಿಸಿ. ವಯಸ್ಸು ಕಡಿಮೆ ತೋರಿಸಿದರೆ ಅಂಕ ಏರುತ್ತದೆ. ಜಗಳೂರು, ಚನ್ನಗಿರಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದ ಮಗು ದಣಿದಿರುತ್ತದೆ. ಬುತ್ತಿ, ನೀರು, ಇಷ್ಟದ ಆಟಿಕೆ ಜೊತೆಗಿರಲಿ. ಫಿಟ್ಸ್ ಮಾತ್ರೆ ನಿಲ್ಲಿಸಬೇಡಿ, ಎಷ್ಟು ಗಂಟೆಗೆ ಕೊಟ್ಟಿದ್ದೀರಿ ಎಂದು ತಿಳಿಸಿ.

ಕಾರ್ಡ್ ಬಂದ ಮೇಲೆ ದಾವಣಗೆರೆಯ ಸಿಆರ್‌ಸಿಗೆ (ವಿಕಲಚೇತನರ ಸಂಯುಕ್ತ ಪ್ರಾದೇಶಿಕ ಕೇಂದ್ರ) ಹೋಗಿ ವಿಶೇಷ ಶಿಕ್ಷಣ, ಮಾತಿನ ತರಬೇತಿ, ವಯಸ್ಸಿಗೆ ತಕ್ಕ ಕಲಿಕಾ ಕಿಟ್ ಬಗ್ಗೆ ವಿಚಾರಿಸಿ. ಇಂಥ ಕೇಂದ್ರ ಊರಲ್ಲೇ ಇರುವುದು ಈ ಭಾಗದವರ ಭಾಗ್ಯ. ಚಿತ್ರದುರ್ಗದವರಿಗೂ ಇದು ಹತ್ತಿರ.

2018ರ ಮಾರ್ಗಸೂಚಿಯಂತೆ ಪ್ರಮಾಣಪತ್ರವನ್ನು 5, 10, 18ರ ವಯಸ್ಸಿನಲ್ಲಿ ನವೀಕರಿಸಬೇಕಿತ್ತು, 18ರದ್ದು ಕಾಯಂ ಆಗಿತ್ತು; ಈಗಿನ ನಿಯಮವನ್ನು ಕೇಳಿ ತಿಳಿದುಕೊಳ್ಳಿ. 18ರ ಹೊತ್ತಿಗೆ ಇನ್ನೊಂದು ಕೆಲಸ: 18 ತುಂಬಿದ ಮೇಲೆ ತಂದೆತಾಯಿಯೂ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. ನ್ಯಾಷನಲ್ ಟ್ರಸ್ಟ್ ಕಾಯ್ದೆ 1999ರ ಅಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ‘ಎ’ ನಮೂನೆಯಲ್ಲಿ ಅರ್ಜಿ ಕೊಡಬೇಕು. ನೇಮಕವಾದ 6 ತಿಂಗಳೊಳಗೆ ಮಗುವಿನ ಹೆಸರಿನ ಆಸ್ತಿಪಟ್ಟಿ ಸಲ್ಲಿಸಬೇಕು.