ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಹಳೇ ಸಾಮಾನು: ಯೂನಿವರ್ಸಿಟಿ ಸರ್‌ಪ್ಲಸ್ ಅಂಗಡಿಯೋ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸೋ?

ಅಮೆರಿಕದ ಈ ಊರಿಗೆ ಓದಲು ಬರುವವರಿಗೆ ನಾನು ಮೊದಲು ಹೇಳುವುದು ಕುರ್ಚಿಯ ಬಗ್ಗೆ. ಅದನ್ನು ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ ಸರ್‌ಪ್ಲಸ್ ಸ್ಟೋರ್‌ನಲ್ಲೇ ನೋಡಿ. ಕ್ಯಾಂಪಸ್ಸಿನ ಆಫೀಸು, ಕ್ಲಾಸ್‌ರೂಮುಗಳಿಗೆ ಬೇಡವಾದದ್ದು ಅಲ್ಲಿಗೆ ಬರುತ್ತದೆ, ಯಾರು ಬೇಕಾದರೂ ಕೊಳ್ಳಬಹುದು. ಇಡೀ ದಿನ ಕೂರಲೆಂದೇ ಮಾಡಿದ ಗಟ್ಟಿ ಆಫೀಸ್ ಕುರ್ಚಿ ಸಿಕ್ಕರೆ ಅಲ್ಲೇ ಕೂತು, ಲಿವರ್ ಎಳೆದು, ಚಕ್ರ ಉರುಳಿಸಿ, ಸರಿ ಅನಿಸಿದರೆ ಮಾತ್ರ ತಗೊಳ್ಳಬಹುದು. ಮಾರ್ಕೆಟ್‌ಪ್ಲೇಸಿನಲ್ಲಿ ಫೋಟೋ ನಂಬಿ ಗುರುತಿಲ್ಲದವರ ಮನೆಗೆ ಹೋಗಬೇಕು, ಅಲ್ವಾ?

ಆದರೆ ಮಾರ್ಕೆಟ್‌ಪ್ಲೇಸಿನಲ್ಲಿ ಚೌಕಾಸಿ ನಡೆಯುತ್ತದೆ. ಮೇ ತಿಂಗಳಲ್ಲಿ ಓದು ಮುಗಿಸಿ ಊರು ಬಿಡುವವರು ಸುಮ್ನೆ ಕೊಟ್ಟುಬಿಡುವುದೂ ಉಂಟು. ಪಾತ್ರೆ, ಕುಕ್ಕರ್, ಮಿಕ್ಸಿಗೆ ಅದೇ ಸರಿ.

ಕಂಪ್ಯೂಟರ್ ಎಲ್ಲೇ ಕೊಂಡರೂ ಪ್ರೊಸೆಸರ್ ನೋಡಿ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಾಗಾಗಿ ವಿಂಡೋಸ್ 11 ಓಡುವಂಥದ್ದೇ ನೋಡಿ, ಅದಕ್ಕೆ ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಆಮೇಲಿನದು ಬೇಕು. ಹಾರ್ಡ್ ಡಿಸ್ಕ್ ಒಳಗಿದೆಯಾ ಅಂತಲೂ ಕೇಳಿ, ಸರ್‌ಪ್ಲಸ್‌ಗೆ ಬರುವ ಯಂತ್ರಗಳಲ್ಲಿ ಅದನ್ನು ಎಷ್ಟೋ ಸಲ ತೆಗೆದಿರುತ್ತಾರೆ.

ಸೋಫಾವನ್ನು ಯಾರದೋ ಮನೆಯಿಂದ ತರುವುದಾದರೆ ಹೊಲಿಗೆಯ ಸಂದಿಗೆ ಟಾರ್ಚ್ ಬಿಟ್ಟು ತಿಗಣೆ ಹುಡುಕಿ. ಹಾಸಿಗೆ ಮಾತ್ರ ಹೊಸದೇ ತಗೊಳ್ಳಿ, ದುಡ್ಡು ಜಾಸ್ತಿಯಾದರೂ.