ನಿಕಾನ್ 200-500: ಶಾರ್ಪ್ ಇದೆಯಾ ಅಂತ ಕೇಳುವವರಿಗೆ

ನಿಕಾನ್ 200-500 ಅಂದರೆ 200ರಿಂದ 500 ಎಂಎಂವರೆಗೆ ಝೂಮ್ ಆಗುವ, ಹಕ್ಕಿ ತೆಗೆಯುವವರ ಲೆನ್ಸ್. ಇದರ ಬಗ್ಗೆ ಯಾರೇ ಕೇಳಲಿ, ಮೊದಲ ಪ್ರಶ್ನೆ ಒಂದೇ. 500ರಲ್ಲಿ ಶಾರ್ಪ್ ಇದೆಯಾ? ಇದೆ. ಎಫ್/5.6ರಲ್ಲೇ, ಅಂದರೆ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಪೂರ್ತಿ ತೆರೆದಿಟ್ಟೇ, ಹಕ್ಕಿಯ ಕಣ್ಣಿನ ಸುತ್ತಲಿನ ಸಣ್ಣ ಗರಿಗಳು ಎಳೆ ಎಳೆಯಾಗಿ ಬರುವಷ್ಟು ಇದೆ. ಆದರೆ ಇಷ್ಟು ಹೇಳಿದರೆ ಅರ್ಧ ಉತ್ತರ ಮಾತ್ರ. ಇದೇ ಲೆನ್ಸ್, ಇದೇ ಕ್ಯಾಮೆರಾ, ಒಂದೇ ದಿನ ತೆಗೆದ ಚಿತ್ರಗಳಲ್ಲೇ ಕೆಲವು ಕಣ್ಣಿಗೆ ಚುಚ್ಚುವಷ್ಟು ಸ್ಪಷ್ಟವಾಗಿರುತ್ತವೆ, ಕೆಲವು ಮಬ್ಬು. ಆ ಮಬ್ಬಾದದ್ದನ್ನು ತೋರಿಸಿ "ನನಗೆ ಸಿಕ್ಕ ಲೆನ್ಸೇ ಸರಿ ಇಲ್ಲ" ಅನ್ನುವವರೇ ಜಾಸ್ತಿ. ವರ್ಷಗಟ್ಟಲೆ ಬಳಸಿದ ಮೇಲೆ ನನಗನಿಸುವುದು ಏನೆಂದರೆ, ಬಹಳಷ್ಟು ಸಲ ದೂರು ಹೋಗಬೇಕಾದದ್ದು ಗಾಜಿನ ಮೇಲಲ್ಲ. ಹಾಗಾಗಿ ಈ ವಿಮರ್ಶೆಯಲ್ಲಿ ಲೆನ್ಸ್‌ಗಿಂತ ಶಾರ್ಪ್‌ನೆಸ್ ಅಳೆಯುವುದು ಹೇಗೆ ಅನ್ನುವುದೇ ಹೆಚ್ಚಿದೆ. ಬೇಡದವರು ಕೊನೆಗೆ ಹಾರಿ.

ವಿವರ ಚುಟುಕಾಗಿ ಹೇಳಿಬಿಡುತ್ತೇನೆ. 2015ರಲ್ಲಿ ಬಂದ ಲೆನ್ಸ್. 200ರಿಂದ 500ರವರೆಗೂ ಎಫ್/5.6 ಹಾಗೇ ಇರುತ್ತದೆ. ಒಳಗೆ 19 ಗಾಜುಗಳು, ಅದರಲ್ಲಿ ಮೂರು ಇಡಿ (ED, ಬಣ್ಣ ಚೆದುರದಂತೆ ತಡೆಯುವ) ಗಾಜು. ಫಿಲ್ಟರ್ ಹಾಕುವುದಾದರೆ 95 ಎಂಎಂ. ಹತ್ತಿರದ ಫೋಕಸ್ 2.2 ಮೀಟರ್. ಟ್ರೈಪಾಡ್ ಕಾಲರ್ ಸೇರಿ ತೂಕ 2.3 ಕೆಜಿ, ಅದರ ಮೇಲೆ ಕ್ಯಾಮೆರಾ. ಝೂಮ್ ಮಾಡಿದಾಗ ಮೂತಿ ಉದ್ದವಾಗುತ್ತದೆ. ರಿಂಗ್ ತಿರುಗಿಸುವ ದೂರವೂ ಉದ್ದವೇ, 200ರಿಂದ 500ಕ್ಕೆ ಒಂದೇ ಹಿಡಿತದಲ್ಲಿ ಹೋಗುವುದಿಲ್ಲ. ನಾನು ಇದನ್ನು ಹೆಚ್ಚಾಗಿ ನಿಕಾನ್ ಡಿ500 ಕ್ಯಾಮೆರಾ ಜೊತೆ ಬಳಸಿದ್ದೇನೆ, ಹಕ್ಕಿಗೆ ಅಂದಮೇಲೆ ಬಹುತೇಕ 500ರಲ್ಲೇ. 200 ಇರುವುದು ಹಾರುವ ಹಕ್ಕಿಯನ್ನು ಫ್ರೇಮ್‌ನಲ್ಲಿ ಹುಡುಕಿಕೊಳ್ಳೋಕೆ ಅಷ್ಟೇ ಅಂದರೂ ತಪ್ಪಿಲ್ಲ.

ಈಗ ದೂರದ ಲೆಕ್ಕ. ಇದನ್ನು ಯಾಕೆ ಯಾರೂ ಮಾಡುವುದಿಲ್ಲವೋ ಗೊತ್ತಿಲ್ಲ. 15 ಸೆಂ.ಮೀ. ಉದ್ದದ ಗುಬ್ಬಿ ಗಾತ್ರದ ಹಕ್ಕಿ 10 ಮೀಟರ್ ದೂರದಲ್ಲಿ ಕೂತಿದೆ ಅಂದುಕೊಳ್ಳಿ. 500 ಎಂಎಂನಲ್ಲಿ ಅದು ಸೆನ್ಸರ್ ಮೇಲೆ ಬೀಳುವುದು 7.5 ಮಿ.ಮೀ. ಡಿ500ರಲ್ಲಿ ಒಂದು ಪಿಕ್ಸೆಲ್ ಸುಮಾರು 4.2 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಭಾಗ), ಅಂದರೆ ಹಕ್ಕಿಯ ಉದ್ದಕ್ಕೆ ಹೆಚ್ಚುಕಡಿಮೆ 1,780 ಪಿಕ್ಸೆಲ್ ಸಿಗುತ್ತದೆ. 20 ಮೀಟರ್‌ಗೆ ಹೋದರೆ 890. 40 ಮೀಟರ್‌ನಲ್ಲಿ 445. ಫ್ರೇಮ್‌ನ ಅಗಲ 5,568 ಪಿಕ್ಸೆಲ್, ಹಕ್ಕಿ ಇರುವುದು ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಜಾಗದಲ್ಲಿ. ಅದನ್ನು ಕತ್ತರಿಸಿ ಪರದೆ ತುಂಬ ಹಿಗ್ಗಿಸಿ ಗರಿ ಕಾಣ್ತಿಲ್ಲ ಅಂದರೆ ಯಾವ ಲೆನ್ಸ್ ತಾನೇ ಏನು ಮಾಡೀತು? ಗರಿಯ ಎಳೆಗೆ ಅಲ್ಲಿ ಪಿಕ್ಸೆಲ್ಲೇ ಇಲ್ಲ. ದೊಡ್ಡ ಪ್ರೈಮ್ ಲೆನ್ಸ್ (ಝೂಮ್ ಆಗದ ಲೆನ್ಸ್) ಹಾಕಿದರೂ ಇದೇ ಲೆಕ್ಕ, 500 ಅಂದರೆ 500.

ದೂರ ಇನ್ನೊಂದು ಕೆಲಸ ಮಾಡುತ್ತದೆ. ನಡುವೆ ಗಾಳಿ ಹೆಚ್ಚಾಗುತ್ತದೆ. ಬಿಸಿಲೇರಿದ ಮೇಲೆ ನೆಲದ ಮೇಲಿನ ಗಾಳಿ ಕುದಿಯುವ ಹಾಗೆ ಅಲುಗುತ್ತಿರುತ್ತದೆ, ಬರಿಗಣ್ಣಿಗೆ ಕಾಣದಿದ್ದರೂ 500 ಎಂಎಂಗೆ ಕಾಣುತ್ತದೆ. ಬಯಲು, ಮರಳು, ಡಾಂಬರು ರಸ್ತೆ, ಕಾದ ಬಂಡೆ, ಇವುಗಳ ಮೇಲಿಂದ ನೋಡಿದರೆ ಇನ್ನೂ ಜಾಸ್ತಿ. ಕಾರಿನ ಕಿಟಕಿಯಿಂದ ತೆಗೆಯುವಾಗ ಒಳಗಿನ ಗಾಳಿ ತಣ್ಣಗಿದ್ದು ಹೊರಗೆ ಸೆಖೆ ಇದ್ದರೆ ಎರಡೂ ಕಲೆಯುವುದು ಸರಿಯಾಗಿ ಲೆನ್ಸ್‌ನ ಮುಂದೆಯೇ. ಎಂಜಿನ್ ಬಿಸಿ ಬೇರೆ. ಬೆಳಿಗ್ಗೆ ಏಳಕ್ಕೆ ಅದ್ಭುತವಾಗಿದ್ದ ಲೆನ್ಸ್ ಹನ್ನೊಂದಕ್ಕೆ ಕೆಟ್ಟುಹೋಗುವುದಿಲ್ಲ, ಅಲ್ವಾ?

ಹಾಗಾದರೆ ಮಬ್ಬು ಯಾವುದರಿಂದ ಬಂತು ಅಂತ ಚಿತ್ರ ನೋಡಿ ಹೇಳಬಹುದಾ? ಬಹುಮಟ್ಟಿಗೆ ಹೇಳಬಹುದು, ಹಕ್ಕಿಯನ್ನು ಬಿಟ್ಟು ಅದರ ಸುತ್ತ ನೋಡಬೇಕು. ಹಕ್ಕಿ ಕೂತ ಕೊಂಬೆ, ಮುಂದಿನ ಹುಲ್ಲು, ಹಿಂದಿನ ಎಲೆ. ಇವುಗಳಲ್ಲಿ ಯಾವುದೋ ಒಂದು ಕಡೆ ಸ್ಪಷ್ಟವಾಗಿದ್ದು ಹಕ್ಕಿ ಮಾತ್ರ ಮಸುಕಾಗಿದ್ದರೆ ಫೋಕಸ್ ಬೇರೆ ಕಡೆ ಹೋಗಿದೆ. ಕೊಂಬೆ ಸ್ಪಷ್ಟ, ಹಕ್ಕಿಯ ತಲೆ ಮಾತ್ರ ಕಲೆಸಿದ ಹಾಗಿದ್ದರೆ ಅದು ತಲೆ ತಿರುಗಿಸಿದೆ, ಶಟರ್ ವೇಗ ಸಾಲಲಿಲ್ಲ. ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದು, ನೀರಿನ ಮೇಲಿನ ಮಿಂಚಿನ ಚುಕ್ಕೆಗಳು ಗೆರೆಯಾಗಿದ್ದರೆ ಕೈ ಅಲುಗಿದೆ. ಫ್ರೇಮ್‌ನಲ್ಲಿ ಎಲ್ಲೂ ಏನೂ ಸ್ಪಷ್ಟ ಇಲ್ಲ, ಹಿಂದಿನ ಮಸುಕಿನಲ್ಲಿ ಅಂಚುಗಳು ಎರಡೆರಡಾಗಿ ಒರಟಾಗಿ ಕಾಣುತ್ತವೆ, ಸಾಲಾಗಿ ತೆಗೆದ ಚಿತ್ರಗಳಲ್ಲಿ ಒಂದು ಪರವಾಗಿಲ್ಲ ಮುಂದಿನದು ಕೆಟ್ಟದು ಮತ್ತೆ ಪರವಾಗಿಲ್ಲ ಹೀಗೆ ಏರುಪೇರು ಇದೆ ಅಂದರೆ ಅದು ಗಾಳಿ. ಇವೆಲ್ಲ ಇಲ್ಲ ಅಂತ ಖಚಿತವಾದ ಮೇಲೆ ಉಳಿಯುವ ಮಬ್ಬು ಮಾತ್ರ ಲೆನ್ಸ್‌ನ ಲೆಕ್ಕಕ್ಕೆ ಬರೆಯಬೇಕು.

ಫೋಕಸ್ ಎಷ್ಟು ಬಿಗಿ ಅನ್ನುವುದಕ್ಕೆ ಒಂದು ಅಂಕಿ. 5 ಮೀಟರ್‌ನಲ್ಲಿ, 500 ಎಂಎಂ, ಎಫ್/5.6, ಡಿ500ರ ಸೆನ್ಸರ್ ಗಾತ್ರಕ್ಕೆ ಸ್ಪಷ್ಟವಾಗಿ ಕಾಣುವ ಆಳ ಬರೀ 2 ಸೆಂ.ಮೀ. ಆಸುಪಾಸು. ಕೊಕ್ಕು ನಮ್ಮ ಕಡೆ ತಿರುಗಿದ ಮಿಂಚುಳ್ಳಿಯಾದರೆ ಕೊಕ್ಕಿನ ತುದಿ ಮತ್ತು ಕಣ್ಣು ಎರಡೂ ಒಟ್ಟಿಗೆ ಸಿಗುವುದಿಲ್ಲ. 20 ಮೀಟರ್‌ಗೆ ಅದೇ ಆಳ 35 ಸೆಂ.ಮೀ. ಆಗುತ್ತದೆ. ಆದ್ದರಿಂದ ಹತ್ತಿರದ ಹಕ್ಕಿಯಲ್ಲಿ ಫೋಕಸ್ ಮೋಸ ಮಾಡುತ್ತದೆ, ದೂರದ ಹಕ್ಕಿಯಲ್ಲಿ ಗಾಳಿ ಮತ್ತು ಪಿಕ್ಸೆಲ್ ಕೈಕೊಡುತ್ತವೆ. ನಡುವಿನ 8ರಿಂದ 15 ಮೀಟರ್ ಈ ಲೆನ್ಸ್‌ಗೆ ಹಬ್ಬ.

ಅಪರ್ಚರ್ ವಿಷಯಕ್ಕೆ ಬಂದರೆ (ಎಫ್ ಅಂಕಿ ಏರಿದಷ್ಟೂ ಕಿಂಡಿ ಚಿಕ್ಕದು), ಎಫ್/8ಕ್ಕೆ ಇಳಿಸದೆ ಬಳಸಬೇಡಿ ಅನ್ನುವ ಸಲಹೆ ಎಲ್ಲಾ ಝೂಮ್‌ಗಳಿಗೂ ಅಂಟಿಕೊಂಡುಬಿಟ್ಟಿದೆ. ಇದಕ್ಕೆ ಅದು ಬೇಕಿಲ್ಲ. ಎಫ್/6.3ಕ್ಕೋ 7.1ಕ್ಕೋ ಇಳಿಸಿದರೆ ಕಾಂಟ್ರಾಸ್ಟ್ ಸ್ವಲ್ಪ ಹೆಚ್ಚುತ್ತದೆ, ಪಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುವಷ್ಟು. ಎಫ್/8ರಲ್ಲಿ ಅದಕ್ಕಿಂತ ಹೆಚ್ಚೇನೂ ಸಿಗುವುದಿಲ್ಲ, ಆದರೆ ಬೆಳಕು ಅರ್ಧ ಆಗುತ್ತದೆ. 1/2000 ಇದ್ದ ಶಟರ್ 1/1000 ಆಗುತ್ತದೆ, ಇಲ್ಲವೇ ಐಎಸ್‌ಒ (ಸೆನ್ಸರ್‌ನ ಸೂಕ್ಷ್ಮತೆ) 800 ಇದ್ದದ್ದು 1600 ಆಗುತ್ತದೆ. ಐಎಸ್‌ಒ ಏರಿದರೆ ನಾಯ್ಸ್ (ಚಿತ್ರದಲ್ಲಿ ಮರಳಿನಂಥ ಚುಕ್ಕೆಗಳು), ನಾಯ್ಸ್ ತೆಗೆಯಲು ಹೋದರೆ ಗರಿಯ ಎಳೆಗಳೂ ಜೊತೆಗೆ ಒರೆಸಿಹೋಗುತ್ತವೆ. ಗಾಜಿನಿಂದ ಗಳಿಸಿದ್ದಕ್ಕಿಂತ ಹೆಚ್ಚು ಸಾಫ್ಟ್‌ವೇರ್‌ನಲ್ಲಿ ಕಳೆದುಕೊಂಡ ಹಾಗೆ. ಎಫ್/11ಕ್ಕೆ ಹೋದರಂತೂ ಡಿಫ್ರಾಕ್ಷನ್ ಶುರು, ಅಂದರೆ ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುತ್ತದೆ. ಬೆಳಕಿನ ಚುಕ್ಕೆಯೇ ಸುಮಾರು 15 ಮೈಕ್ರಾನ್ ಅಗಲ ಆಗುತ್ತದೆ, ಪಿಕ್ಸೆಲ್ ಇರುವುದು 4.2. ನಾನು ಚೆನ್ನಾಗಿ ಬೆಳಕಿದ್ದಾಗ 6.3, ಇಲ್ಲದಿದ್ದರೆ 5.6, ಅದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ.

ಶಟರ್ ಬಗ್ಗೆ ಮಾತ್ರ ಜಿಪುಣತನ ಬೇಡ. 20 ಮೀಟರ್ ದೂರದಲ್ಲಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅಡ್ಡ ಹಾರುವ ಹಕ್ಕಿ 1/2000 ಸೆಕೆಂಡಿನಲ್ಲಿ 5 ಮಿ.ಮೀ. ಮುಂದೆ ಹೋಗಿರುತ್ತದೆ. ಕ್ಯಾಮೆರಾ ಅಲುಗಿಸದೆ ನಿಂತರೆ ಸೆನ್ಸರ್ ಮೇಲೆ ಅದು ಸುಮಾರು 30 ಪಿಕ್ಸೆಲ್ ಎಳೆತ. ಹಕ್ಕಿಯ ಜೊತೆಗೇ ಕ್ಯಾಮೆರಾ ತಿರುಗಿಸಬೇಕು ಅನ್ನುವುದು ಇದಕ್ಕೇ. ವಿಆರ್ ಇಲ್ಲಿ ಸಹಾಯ ಮಾಡುವುದಿಲ್ಲ. ಅದು ನಮ್ಮ ಕೈಯ ನಡುಕವನ್ನು ತಡೆಯುತ್ತದೆ, ಹಕ್ಕಿಯನ್ನಲ್ಲ. 4.5 ಸ್ಟಾಪ್ (ಒಂದು ಸ್ಟಾಪ್ ಅಂದರೆ ಶಟರ್ ತೆರೆದಿಡುವ ಸಮಯ ಎರಡು ಪಟ್ಟು) ಅಂತ ಕಂಪನಿ ಹೇಳುತ್ತದೆ, ಕೂತ ಗೂಬೆಯಂಥ ಅಲ್ಲಾಡದ ಹಕ್ಕಿಗೆ ಅದರ ಪೂರ್ತಿ ಲಾಭ ಸಿಗುತ್ತದೆ. ಹಾರುವ ಹಕ್ಕಿಗೆ ವಿಆರ್‌ನ ಸ್ಪೋರ್ಟ್ ಮೋಡ್ ಒಳ್ಳೆಯದು, ವ್ಯೂಫೈಂಡರ್ ಚಿತ್ರ ಜಿಗಿಯುವುದಿಲ್ಲ.

ಲೆನ್ಸ್ ಪರೀಕ್ಷೆ ಮಾಡಬೇಕು ಅಂದರೆ ಹಕ್ಕಿ ಬಿಡಿ. ಹಕ್ಕಿ ಪರೀಕ್ಷೆಗೆ ಕೂರುವುದಿಲ್ಲ. ಒರಟಾದ ಇಟ್ಟಿಗೆ ಗೋಡೆ ಅಥವಾ ಸಣ್ಣ ಅಕ್ಷರದ ಅಚ್ಚಿನ ಹಾಳೆ, 10-15 ಮೀಟರ್ ದೂರದಲ್ಲಿ, ನೇರ ಎದುರಿಗೆ. ಮೋಡ ಕವಿದ ಬೆಳಿಗ್ಗೆ ಆದರೆ ಒಳ್ಳೆಯದು. ಗಟ್ಟಿ ಟ್ರೈಪಾಡ್, ವಿಆರ್ ಆಫ್, ಟೈಮರ್. ಮೊದಲು ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿ) ಫೋಕಸ್ ಮಾಡಿ ತೆಗೆಯಿರಿ, ಆಮೇಲೆ ವ್ಯೂಫೈಂಡರ್ ಮೂಲಕ. ಪ್ರತಿ ಚಿತ್ರಕ್ಕೂ ಫೋಕಸ್ ಕೆಡಿಸಿ ಮತ್ತೆ ಹಿಡಿಯಬೇಕು, ಇದು ಮುಖ್ಯ. ಒಂದೇ ಚಿತ್ರ ತೆಗೆದು ತೀರ್ಪು ಕೊಡಬಾರದು, ನಾಲ್ಕಾರು ತೆಗೆಯಬೇಕು. ಅವುಗಳಲ್ಲಿ ಅತ್ಯಂತ ಸ್ಪಷ್ಟವಾದದ್ದು ಲೆನ್ಸ್‌ನ ತಾಕತ್ತು ತೋರಿಸುತ್ತದೆ. ಉಳಿದವು ಅದಕ್ಕಿಂತ ಎಷ್ಟು ಹಿಂದೆ ಬಿದ್ದಿವೆ ಅನ್ನುವುದು ಫೋಕಸ್ ವ್ಯವಸ್ಥೆ ಎಷ್ಟು ನಂಬಿಕಸ್ಥ ಅಂತ ತೋರಿಸುತ್ತದೆ. ಈ ಎರಡನ್ನು ಬೆರೆಸಿಯೇ ಅರ್ಧ ಜಗಳ ಹುಟ್ಟುವುದು.

ಲೈವ್ ವ್ಯೂ ಚಿತ್ರಗಳು ಚೆನ್ನಾಗಿದ್ದು ವ್ಯೂಫೈಂಡರ್ ಚಿತ್ರಗಳು ಎಲ್ಲವೂ ಒಂದೇ ಸಮ ಮಸುಕಾಗಿದ್ದರೆ ಗಾಜು ಸರಿಯಿದೆ, ಹೊಂದಾಣಿಕೆ ಬೇಕು ಅಷ್ಟೇ. ಡಿ500ರಂಥ ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಫೋಕಸ್ ಅಳೆಯುವ ಸೆನ್ಸರ್ ಬೇರೆ, ಚಿತ್ರ ಬೀಳುವ ಸೆನ್ಸರ್ ಬೇರೆ, ಹಾಗಾಗಿ ಕೂದಲೆಳೆ ವ್ಯತ್ಯಾಸ ಬರುವುದು ಸಹಜ. ಅದನ್ನು ಸರಿಪಡಿಸಲು ಕ್ಯಾಮೆರಾದಲ್ಲಿ ಎಎಫ್ ಫೈನ್ ಟ್ಯೂನ್ -20ರಿಂದ +20ರವರೆಗೆ ಇದೆ, ಡಿ500ರಲ್ಲಿ ಅದನ್ನು ಲೈವ್ ವ್ಯೂನಲ್ಲಿ ತಾನಾಗಿಯೇ ಮಾಡುವ ವ್ಯವಸ್ಥೆಯೂ ಇದೆ. ಝೂಮ್‌ನ ಪೂರ್ತಿ ವ್ಯಾಪ್ತಿಗೆ ಒಂದೇ ಅಂಕಿ ಹಾಕಬೇಕು, ಆದ್ದರಿಂದ 500ರಲ್ಲಿ, ನೀವು ಸಾಮಾನ್ಯವಾಗಿ ಹಕ್ಕಿ ತೆಗೆಯುವ ದೂರದಲ್ಲಿ ಮಾಡಿ. ಮಿರರ್‌ಲೆಸ್‌ನಲ್ಲಿ (ಕನ್ನಡಿ ಇಲ್ಲದ, ಚಿತ್ರ ಬೀಳುವ ಸೆನ್ಸರ್‌ನಿಂದಲೇ ಫೋಕಸ್ ಅಳೆಯುವ ಕ್ಯಾಮೆರಾ) ಈ ತಲೆನೋವು ಹೆಚ್ಚುಕಡಿಮೆ ಇಲ್ಲ, ಎಫ್‌ಟಿಜೆಡ್ ಅಡಾಪ್ಟರ್ ಹಾಕಿ ನಿಕಾನ್ ಝಡ್ ಕ್ಯಾಮೆರಾಗಳಲ್ಲಿ ಈ ಲೆನ್ಸ್ ಬಳಸಬಹುದು.

ಪರದೆಯಲ್ಲಿ ಹಿಗ್ಗಿಸಿ ನೋಡುವಾಗಲೂ ಸ್ವಲ್ಪ ನ್ಯಾಯ ಬೇಕು. ಡಿ850ರ 45.7 ಮೆಗಾಪಿಕ್ಸೆಲ್ ಚಿತ್ರವನ್ನೂ 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ (ಅದೇ ಸೆನ್ಸರ್ ಗಾತ್ರದ) ಚಿತ್ರವನ್ನೂ ಎರಡನ್ನೂ 100%ಗೆ (ಚಿತ್ರದ ಒಂದು ಪಿಕ್ಸೆಲ್‌ಗೆ ಪರದೆಯ ಒಂದು ಪಿಕ್ಸೆಲ್) ಹಿಗ್ಗಿಸಿದರೆ ಮೊದಲನೆಯದು ಮೆತ್ತಗೆ ಕಾಣುತ್ತದೆ, ಯಾಕೆಂದರೆ ಅದನ್ನು ಹೆಚ್ಚು ಹಿಗ್ಗಿಸಿದ್ದೀರಿ. ಒಂದೇ ಗಾತ್ರಕ್ಕೆ ತಂದು ನೋಡಿದರೆ ಮಾತು ತಿರುಗುತ್ತದೆ. ಜೆಪೆಗ್ ಆದರೆ ಕ್ಯಾಮೆರಾ ಆಗಲೇ ಶಾರ್ಪನ್ ಮಾಡಿರುತ್ತದೆ, ರಾ (ಕ್ಯಾಮೆರಾ ತಿದ್ದದ ಮೂಲ ಫೈಲ್) ಆದರೆ ಇಲ್ಲ. ಇನ್ನು ಬೆಳಕು. ಬೆಳ್ಳಕ್ಕಿಯ ಬಿಳಿ ಸ್ವಲ್ಪ ಹೆಚ್ಚು ಬೆಳಗಿ ಸುಟ್ಟುಹೋದರೆ ಗರಿಯ ಗೆರೆಗಳೇ ಇರುವುದಿಲ್ಲ, ಅದನ್ನೂ ಶಾರ್ಪ್ ಇಲ್ಲ ಅಂತಲೇ ಓದಿಕೊಳ್ಳುತ್ತೇವೆ. ಪಕ್ಕದಿಂದ ಬೀಳುವ ಎಳೆ ಬಿಸಿಲಿಗೆ ಪ್ರತಿ ಗರಿಗೂ ಒಂದು ಸಣ್ಣ ನೆರಳು ಬರುತ್ತದೆ, ಸಾಧಾರಣ ಲೆನ್ಸ್ ಕೂಡ ಆಗ ಚಿನ್ನ.

ಕಂಪನಿಗಳು ಕೊಡುವ ಎಂಟಿಎಫ್ ನಕ್ಷೆ (ಫ್ರೇಮ್‌ನ ನಡುವಿನಿಂದ ಮೂಲೆವರೆಗೆ ಲೆನ್ಸ್ ಎಷ್ಟು ಸ್ಪಷ್ಟ ಅಂತ ತೋರಿಸುವ ಗೆರೆಗಳು) ಸುಮ್ನೆ ಒಂದು ಅಂದಾಜಿಗೆ ಸರಿ. ಅದರಲ್ಲಿ ಫ್ರೇಮ್‌ನ ನಡುವನ್ನು ತೋರಿಸುವ ಭಾಗ ನೋಡಿ ಸಾಕು, ಮೂಲೆಯಲ್ಲಿ ಹಕ್ಕಿ ಇಡುವವರು ಯಾರು?

ಬೇರೆಯವುಗಳ ಜೊತೆ ಹೋಲಿಸಿ ಅಂದರೆ: ಸಿಗ್ಮಾ, ಟ್ಯಾಮ್ರಾನ್‌ಗಳ 150-600 ಲೆನ್ಸ್‌ಗಳು ತುದಿಯಲ್ಲಿ ಎಫ್/6.3, ಸಿಗ್ಮಾದ ಕಂಟೆಂಪರರಿ ಅನ್ನುವ ಮಾದರಿ 2 ಕೆಜಿಗಿಂತ ಸ್ವಲ್ಪ ಕಡಿಮೆ ತೂಕ. ಆ ಹೆಚ್ಚುವರಿ 100 ಎಂಎಂ ಕೇಳಲು ದೊಡ್ಡದು. ಲೆಕ್ಕ ಹಾಕಿದರೆ 20 ಮೀಟರ್ ದೂರದ ಹಕ್ಕಿಗೆ ಮೂರು ಮೀಟರ್ ಚಿಲ್ಲರೆ ಹತ್ತಿರ ಹೋದ ಹಾಗೆ. ಹೋಗೋಕೆ ಹಕ್ಕಿ ಬಿಡಬೇಕು, ಅದು ಬೇರೆ ಮಾತು. ಮಿರರ್‌ಲೆಸ್‌ನಲ್ಲೇ ಹೊಸದಾಗಿ ಶುರು ಮಾಡುವವರು ಇದನ್ನು ಹುಡುಕಬೇಕಾಗಿಲ್ಲ. ಸೋನಿ 200-600 2019ರಲ್ಲಿ, ನಿಕಾನ್ ಝಡ್ 180-600 2023ರಲ್ಲಿ ಬಂದಿವೆ, ಎರಡರಲ್ಲೂ ಝೂಮ್ ಒಳಗೇ ನಡೆಯುತ್ತದೆ, ಮೂತಿ ಉದ್ದವಾಗುವುದಿಲ್ಲ. ಕೈಯಲ್ಲಿ ಒಳ್ಳೆಯ ಡಿಎಸ್‌ಎಲ್‌ಆರ್ ಇರುವವರಿಗೆ ಮಾತ್ರ ನಾನು ಇವತ್ತೂ 200-500ನ್ನೇ ಹೇಳುತ್ತೇನೆ. ಇದಕ್ಕೆ 1.4 ಟೆಲಿಕನ್ವರ್ಟರ್ (ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಹಾಕುವ, ಚಿತ್ರ 1.4 ಪಟ್ಟು ಹಿಗ್ಗಿಸುವ ಗಾಜು) ಹಾಕಿದರೆ 700 ಎಂಎಂ ಆಗುತ್ತದೆ ನಿಜ, ಆದರೆ ಎಫ್/8, ಕೆಲಸ ಮಾಡುವ ಫೋಕಸ್ ಬಿಂದುಗಳೂ ಕಡಿಮೆ. ಕೂತ ಹಕ್ಕಿಗೆ ಸರಿ, ಹಾರುವುದಕ್ಕೆ ಬೇಡ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಷ್ಟು ನೋಡಿ. ಮುಂದೆ ಫಿಲ್ಟರ್ ಇದ್ದರೆ ಮೊದಲು ಬಿಚ್ಚಿ, ಅಗ್ಗದ ಫಿಲ್ಟರ್ 500ರಲ್ಲಿ ಒಳ್ಳೆಯ ಲೆನ್ಸನ್ನೂ ಕೆಡಿಸುತ್ತದೆ. ಗೋಡೆಯನ್ನು ನೇರ ಎದುರಿಗಿಟ್ಟು 500ರಲ್ಲಿ ತೆಗೆದು ಎಡ ಬಲ ಅಂಚು ಹೋಲಿಸಿ. ಎರಡೂ ಒಂದೇ ಥರ ಸ್ವಲ್ಪ ಮೆತ್ತಗಿದ್ದರೆ ಚಿಂತೆ ಇಲ್ಲ, ಒಂದು ಕಡೆ ಮಾತ್ರ ಕರಗಿದ ಹಾಗಿದ್ದರೆ ಕ್ಯಾಮೆರಾ ತಲೆಕೆಳಗು ಮಾಡಿ ಇನ್ನೊಮ್ಮೆ ತೆಗೆಯಿರಿ. ಮಬ್ಬು ಗೋಡೆಯ ಅದೇ ಜಾಗದಲ್ಲಿ ಉಳಿದರೆ ನೀವು ನಿಂತದ್ದು ಓರೆ. ಫ್ರೇಮ್‌ನ ಅದೇ ಬದಿಗೆ ಅಂಟಿಕೊಂಡಿದ್ದರೆ ಒಳಗಿನ ಗಾಜು ಸರಿದಿದೆ, ಬೆಲೆ ಎಷ್ಟೇ ಇಳಿಸಿದರೂ ಬಿಟ್ಟುಬನ್ನಿ.